ಹೃದಯಕೋಶವನ್ನು ನ್ಯಾನೋಕಣ ನಿಜವಾಗಿ ಕಾಪಾಡಿತಾ? ಎಡವದೆ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಪ್ರಾಜೆಕ್ಟ್ ಒಪ್ಪಿಸುವ ಹೊತ್ತಿಗೆ ನನ್ನ ಮೇಜಿನ ಮೇಲೆ ಒಂದೇ ತರಹದ ಗ್ರಾಫ್ ಬಂದು ಕೂರುತ್ತದೆ. ಉತ್ಕರ್ಷಣ ಒತ್ತಡ, ಅಂದರೆ ಆಮ್ಲಜನಕದ ಚುರುಕು ರೂಪಗಳಿಂದ ಆಗುವ ಹಾನಿ, ತರಿಸಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಹೃದಯಕೋಶಗಳಲ್ಲಿ ಅರ್ಧ ಸತ್ತಿವೆ. ಪೆರಾಕ್ಸೈಡ್ ಜೊತೆಗೆ, ಆ ಹಾನಿ ತಡೆಯಬೇಕಾದ ನ್ಯಾನೋಕಣವನ್ನೂ ಹಾಕಿದ ಕಡೆ ಹೆಚ್ಚುಕಮ್ಮಿ ಎಲ್ಲ ಕೋಶಗಳೂ ಬದುಕಿವೆ. ತಂದವರ ಮುಖದಲ್ಲಿ ಖುಷಿ. ನಾನು ಕೇಳುವುದು ಒಂದೇ ಪ್ರಶ್ನೆ: ಪೆರಾಕ್ಸೈಡ್ ಹಾಕುವ ಮೊದಲು ಕಣಗಳನ್ನು ತೊಳೆದು ತೆಗೆದಿರಾ? ಇಲ್ಲ ಅನ್ನುತ್ತಾರೆ.

ತೊಳೆಯದಿದ್ದರೆ ಏನಾಗುತ್ತದೆ ಅಂದರೆ, ಕಣಗಳು ಕೋಶದ ಹೊರಗೆ, ಮೀಡಿಯಾದಲ್ಲೇ (ಕೋಶ ಬೆಳೆಸುವ ಪೋಷಕ ದ್ರವದಲ್ಲೇ) ಪೆರಾಕ್ಸೈಡನ್ನು ಒಡೆದು ಹಾಕುತ್ತವೆ. ಕೋಶಕ್ಕೆ ಏಟು ಬೀಳುವುದೇ ಇಲ್ಲ. ಬೀಳದ ಏಟಿನಿಂದ ಕಾಪಾಡಿದೆ ಅಂತ ಬರೆಯಲು ಆಗುವುದಿಲ್ಲ, ಅಲ್ವಾ? ಕೋಶವಿಲ್ಲದ ಗಾಜಿನ ಕೊಳವೆಯಲ್ಲೂ ಅದೇ ನಡೆಯುತ್ತಿತ್ತು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಸೀರಿಯಂ ಆಕ್ಸೈಡ್ ಕಣ ಮತ್ತು ಲ್ಯಾಬಿನಲ್ಲಿ ಬೆಳೆಸುವ ಎಚ್9ಸಿ2 ಎಂಬ ಇಲಿಯ ಹೃದಯಕೋಶ. ಸೀರಿಯಂ ತನ್ನ ಎರಡು ಸ್ಥಿತಿಗಳ ನಡುವೆ, ಅಂದರೆ ಮೂರು ಧನ ಮತ್ತು ನಾಲ್ಕು ಧನ ಆವೇಶಗಳ ನಡುವೆ, ಹೋಗಿ ಬಂದು ಮಾಡುತ್ತದೆ. ಅದಕ್ಕೇ ಒಂದೇ ಕಣ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೇರೆ ಕಣ ಬಳಸುವವರಿಗೂ ಹಂತಗಳ ಕ್ರಮ ಇದೇ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಉಪಕರಣಗಳಲ್ಲಿ ಬಯೋಸೇಫ್ಟಿ ಕ್ಯಾಬಿನೆಟ್, ಇಂಗಾಲದ ಡೈಆಕ್ಸೈಡ್ ಇನ್‌ಕ್ಯುಬೇಟರ್, ಹೊಗೆಗೂಡು, ಪ್ಲೇಟ್ ರೀಡರ್, 240 ನ್ಯಾನೋಮೀಟರ್ ಅಳೆಯಬಲ್ಲ ಸ್ಪೆಕ್ಟ್ರೋಫೋಟೋಮೀಟರ್, ಕ್ವಾರ್ಟ್ಜ್ ಕ್ಯುವೆಟ್, ಹಾಟ್‌ಪ್ಲೇಟ್ ಇರುವ ಮ್ಯಾಗ್ನೆಟಿಕ್ ಸ್ಟಿರರ್, ಮಫಲ್ ಫರ್ನೇಸ್, ಕೋಶ ಎಣಿಸುವ ಹೀಮೋಸೈಟೋಮೀಟರ್ ಬೇಕು. ಕಣದ ಗಾತ್ರ ನೋಡುವ ಡಿಎಲ್‌ಎಸ್ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮ ಕೊಡಗಿನಲ್ಲಿ ಸಿಗದಿದ್ದರೆ ಮೈಸೂರಿಗೋ ಬೆಂಗಳೂರಿಗೋ ಮಾದರಿ ಕಳಿಸಬೇಕು. ಆ ಸರದಿಗೆ ವಾರಗಟ್ಟಲೆ ಹಿಡಿಯುತ್ತದೆ. ಈಗಲೇ ಅರ್ಜಿ ಹಾಕಿಡಿ.

ರಾಸಾಯನಿಕಗಳಲ್ಲಿ ಜನ ಮರೆಯುವುದು ಎರಡು. ಒಂದು, ಕೋಶ ಬೆಳೆಸಲು ಸಾಮಾನ್ಯವಾಗಿ ಬಳಸುವ ಡಿಎಂಇಎಂ ಮೀಡಿಯಾ, ಆದರೆ ಪೈರುವೇಟ್ ಇಲ್ಲದ್ದು. ಇನ್ನೊಂದು, ಎನ್-ಅಸಿಟೈಲ್ ಸಿಸ್ಟೀನ್. ಇವೆರಡೂ ಯಾಕೆ ಅಂತ ಮುಂದೆ ಬರುತ್ತದೆ. ಪೆರಾಕ್ಸೈಡನ್ನು ಮೆಡಿಕಲ್ ಶಾಪಿನಿಂದ ತರಬೇಡಿ. ಗಾಯ ತೊಳೆಯುವ ಆ ಬಾಟಲಿಯಲ್ಲಿ ಕೆಡದಂತೆ ಬೇರೆ ವಸ್ತು ಸೇರಿಸಿರುತ್ತಾರೆ, ಸಾಂದ್ರತೆಯೂ ನಂಬುವಂತಿರುವುದಿಲ್ಲ.

## ಹಂತ 1: ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿ

ಎಲ್ಲರೂ ಮೊದಲು ಕಣ ತಯಾರಿಸಲು ಕೂರುತ್ತಾರೆ. ಅದು ತಪ್ಪು ಕ್ರಮ. ಕಣ ಕಾಯುತ್ತಾ ಕೂತರೆ ಹಳತಾಗುತ್ತದೆ. ಕೋಶ ಸಿದ್ಧವಾಗುವ ಹೊತ್ತಿಗೆ ಅದು ಗಂಟುಕಟ್ಟಿರಬಹುದು.

ಸರಿಯಾದ ಕ್ರಮ ಹೀಗೆ: ಮೊದಲು ಕೋಶ ಚೆನ್ನಾಗಿ ಬೆಳೆಯಬೇಕು. ಆಮೇಲೆ ಎಷ್ಟು ಪೆರಾಕ್ಸೈಡಿಗೆ ಅರ್ಧ ಕೋಶ ಸಾಯುತ್ತದೆ ಅಂತ ಗೊತ್ತಾಗಬೇಕು. ಅದು ಮೂರು ಸಲ ಒಂದೇ ರೀತಿ ಬಂದ ಮೇಲೆ ಕಣ ಮಾಡಿ. ಕಣ ಒಂಟಿಯಾಗಿ ಕೋಶಕ್ಕೆ ಹಾನಿ ಮಾಡುವುದಿಲ್ಲ ಅಂತ ತೋರಿಸಿ. ಕಟ್ಟಕಡೆಗೆ ಎರಡನ್ನೂ ಒಟ್ಟಿಗೆ ತನ್ನಿ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು. ಜಿಲ್ಲೆಗೆ ರೈಲಿಲ್ಲ. ಗ್ಯಾಸ್ ಸಿಲಿಂಡರ್, ದ್ರವ ಸಾರಜನಕ, ಮಂಜುಗಡ್ಡೆಯಲ್ಲಿ ಬರುವ ಸೀರಂ (ಮೀಡಿಯಾಕ್ಕೆ ಸೇರಿಸುವ, ರಕ್ತದಿಂದ ತೆಗೆದ ದ್ರವ) ಎಲ್ಲವೂ ರಸ್ತೆಯಲ್ಲೇ ಘಟ್ಟ ಹತ್ತಿ ಬರಬೇಕು. 2018ರಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಜೂನ್ ಮೊದಲ ವಾರದ ಒಳಗೆ ಮೂರು ತಿಂಗಳ ಸಾಮಾನು ತರಿಸಿಟ್ಟುಕೊಳ್ಳಿ. ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸುವವರು ಮಳೆಗೆ ಮೊದಲೇ ತರಿಸಿ, ಬೆಳೆಸಿ, ಹತ್ತು ವಯಲ್ ಆದರೂ ಫ್ರೀಜ್ ಮಾಡಿಡಿ.

## ಹಂತ 2: ಲ್ಯಾಬನ್ನು ನಮ್ಮ ಎತ್ತರಕ್ಕೆ ಹೊಂದಿಸಿ

ಪುಸ್ತಕದ ವಿಧಾನಗಳೆಲ್ಲ ಸಮುದ್ರಮಟ್ಟದಲ್ಲಿ ಬರೆದವು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 87ರಷ್ಟು ಮಾತ್ರ. ಇನ್‌ಕ್ಯುಬೇಟರಿನಲ್ಲಿ ಶೇ. 5 ಇಂಗಾಲದ ಡೈಆಕ್ಸೈಡ್ ಇಟ್ಟರೆ ಕೋಶಕ್ಕೆ ನಿಜವಾಗಿ ಸಿಗುವುದು ಸಮುದ್ರಮಟ್ಟದ ಶೇ. 4.4ಕ್ಕೆ ಸಮ. ಮೀಡಿಯಾ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ. ಬಣ್ಣ ಕಿತ್ತಳೆಗೆಂಪು ಬಿಟ್ಟು ಗುಲಾಬಿಗೆ ತಿರುಗಿದರೆ ಅದೇ ಸೂಚನೆ.

ಸರಿದೂಗಿಸಲು ಮಡಿಕೇರಿಯಲ್ಲಿ ಸುಮಾರು ಶೇ. 5.7, ಕುಶಾಲನಗರದ ಕಡೆ ಸುಮಾರು ಶೇ. 5.5 ಬೇಕಾಗಬಹುದು. ಆದರೆ ಸುಮ್ನೆ ಗುಂಡಿ ಒತ್ತಿ ಏರಿಸಬೇಡಿ. ಕೆಲವು ಸೆನ್ಸರ್‌ಗಳು ಈ ವ್ಯತ್ಯಾಸವನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತವೆ. ಕೋಶವಿಲ್ಲದ ಫ್ಲಾಸ್ಕಿನಲ್ಲಿ ಮೀಡಿಯಾ ಹಾಕಿ, ಮುಚ್ಚಳ ಸಡಿಲ ಬಿಟ್ಟು, ಒಂದು ರಾತ್ರಿ ಒಳಗಿಡಿ. ಬೆಳಿಗ್ಗೆ ತೆಗೆದ ಕೂಡಲೇ ಪಿಎಚ್ ನೋಡಿ. 7.2ರಿಂದ 7.5ರ ಒಳಗಿದ್ದರೆ ಮುಟ್ಟುವುದೇ ಬೇಡ.

ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೂ ಇದೇ ಮಾತು. ಮೀಟರಿನಲ್ಲಿ 15 ಪೌಂಡ್ ತೋರಿಸಿದಾಗ ಸಮುದ್ರಮಟ್ಟದಲ್ಲಿ ಒಳಗೆ 121 ಡಿಗ್ರಿ ಇರುತ್ತದೆ. ಮಡಿಕೇರಿಯಲ್ಲಿ ಸುಮಾರು 119 ಮಾತ್ರ. 121 ಮುಟ್ಟಲು 17 ಪೌಂಡ್ ಬೇಕು. ನಿಮ್ಮ ಪಾತ್ರೆಯ ಸೇಫ್ಟಿ ವಾಲ್ವ್ ಅಷ್ಟಕ್ಕೆ ಒಪ್ಪದಿದ್ದರೆ ಒತ್ತಡ ಏರಿಸಬೇಡಿ, ಸಮಯ ಏರಿಸಿ. ಜುಲೈನಲ್ಲಿ ಫ್ಲಾಸ್ಕಿಗೆ ಬೂಷ್ಟು ಬಂತು ಅಂತ ಅಳುವವರಲ್ಲಿ ಹಲವರ ತೊಂದರೆ ಇಲ್ಲೇ ಇರುತ್ತದೆ.

ಕರೆಂಟಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಯುಪಿಎಸ್ ಇಲ್ಲದ ಇನ್‌ಕ್ಯುಬೇಟರಿನಲ್ಲಿ ಮಳೆಗಾಲದ ಪ್ರಯೋಗ ಇಡಬೇಡಿ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ಗಂಟೆ ತಣ್ಣಗಾದ ಪ್ಲೇಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಮನಸ್ಸಿಗೆ ಎಷ್ಟೇ ಬೇಜಾರಾದರೂ.

## ಹಂತ 3: ಕೋಶಗಳನ್ನು ತುಂಬಿ ತುಳುಕಲು ಬಿಡಬೇಡಿ

ಎಚ್9ಸಿ2 ಇಲಿಯ ಭ್ರೂಣದ ಹೃದಯದಿಂದ ಬಂದ ಕೋಶ. ಇವು ಎಳೆಯ ಸ್ನಾಯುಕೋಶಗಳು, ಮಿಡಿಯುವುದಿಲ್ಲ. ಫ್ಲಾಸ್ಕ್ ತುಂಬಿ ಒಂದಕ್ಕೊಂದು ಅಂಟಿಕೊಂಡರೆ ಇವು ಕೂಡಿಕೊಂಡು ಉದ್ದನೆಯ ನಾಳಗಳಾಗಲು ಶುರು ಮಾಡುತ್ತವೆ. ಆ ಮೇಲೆ ಅವು ನೀವು ಶುರು ಮಾಡಿದ ಕೋಶಗಳಲ್ಲ.

ಶೇ. 70ರಷ್ಟು ತುಂಬಿದಾಗಲೇ ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕಿ. ಭಾನುವಾರ ಬರುತ್ತದೆ, ಹಬ್ಬ ಬರುತ್ತದೆ, ಮನೆಗೆ ಹೋಗುವುದಿರುತ್ತದೆ. ಗುರುವಾರವೇ ಯೋಚಿಸಿ, ಕಮ್ಮಿ ಕೋಶ ಹಾಕಿ ಹೋಗಿ. ಎಷ್ಟನೇ ಪ್ಯಾಸೇಜ್, ಅಂದರೆ ಎಷ್ಟನೇ ಸಲ ಬಿಡಿಸಿ ಹಾಕಿದ್ದು, ಅಂತ ಫ್ಲಾಸ್ಕಿನ ಮೇಲೆ ಬರೆಯುವುದನ್ನು ತಪ್ಪಿಸಬೇಡಿ. ಒಂದು ಪ್ರಯೋಗ 8ನೇ ಪ್ಯಾಸೇಜಿನಲ್ಲಿ, ಮತ್ತೊಂದು 30ರಲ್ಲಿ ಮಾಡಿದರೆ ಹೋಲಿಕೆಗೆ ಅರ್ಥವಿಲ್ಲ.

## ಹಂತ 4: ಮೊದಲು ಏಟನ್ನು ಅಳೆಯಿರಿ

ಇದು ಅತಿ ಮುಖ್ಯ ಹಂತ. ಹೆಚ್ಚಿನವರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇದಕ್ಕೆ ಎರಡು ವಾರ ಕೊಟ್ಟರೂ ಜಾಸ್ತಿ ಅಲ್ಲ.

ಶೇ. 30ರ ಪೆರಾಕ್ಸೈಡ್ ಅಂದರೆ ಸುಮಾರು 9.8 ಮೋಲಾರ್. ಇದು ಬಾಟಲಿಯ ಮೇಲಿನ ಲೆಕ್ಕ. ಒಳಗೆ ಎಷ್ಟಿದೆ ಅನ್ನುವುದು ಬೇರೆ. ಪ್ರತಿ ಪ್ರಯೋಗದ ದಿನ ಅಳೆಯಿರಿ. 10.2 ಮೈಕ್ರೋಲೀಟರ್ ತೆಗೆದು ನೀರು ಸೇರಿಸಿ 1 ಮಿಲಿ ಮಾಡಿದರೆ 100 ಮಿಲಿಮೋಲಾರ್. ಅದನ್ನು ಹತ್ತು ಪಟ್ಟು ತೆಳು ಮಾಡಿ ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ 240 ನ್ಯಾನೋಮೀಟರಿನಲ್ಲಿ ಓದಿ. 10 ಮಿಲಿಮೋಲಾರ್ ನಿಜವಾಗಿ ಇದ್ದರೆ ಸುಮಾರು 0.44 ಬರಬೇಕು. 0.30 ಬಂದರೆ ಅಲ್ಲಿರುವುದು 7 ಮಿಲಿಮೋಲಾರ್‌ಗಿಂತ ಸ್ವಲ್ಪ ಕಮ್ಮಿ. ಓದಿದ ಅಂಕಿಗೆ ತಕ್ಕಂತೆ ಮುಂದಿನ ಲೆಕ್ಕ ಬದಲಿಸಿ. ಕಳೆದ ವಾರ 400 ಮೈಕ್ರೋಮೋಲಾರ್ ಅರ್ಧ ಕೋಶ ಕೊಂದಿತ್ತು, ಈ ವಾರ ಏನೂ ಆಗಲಿಲ್ಲ ಅನ್ನುವ ದೂರಿಗೆ ಮದ್ದು ಈ ಐದು ನಿಮಿಷದ ಕೆಲಸ.

ಬಲ ಕುಂದಿದ ಬಾಟಲಿ ಮೊದಲ ಕಳ್ಳ, ಎರಡನೇ ಕಳ್ಳ ಪೈರುವೇಟ್. ಸಾಮಾನ್ಯ ಡಿಎಂಇಎಂ ಬಾಟಲಿಗಳಲ್ಲಿ ಬಹಳಷ್ಟರಲ್ಲಿ 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಇರುತ್ತದೆ. ಪೈರುವೇಟ್ ಪೆರಾಕ್ಸೈಡಿನ ಜೊತೆ ನೇರವಾಗಿ ಸೇರಿ ಅದನ್ನು ಮುಗಿಸಿಬಿಡುತ್ತದೆ. ನೀವು 400 ಮೈಕ್ರೋಮೋಲಾರ್ ಹಾಕುತ್ತೀರಿ, ಎದುರಿಗೆ 1,000 ಮೈಕ್ರೋಮೋಲಾರ್ ಪೈರುವೇಟ್ ಕಾದು ನಿಂತಿದೆ. ಯಾರು ಗೆಲ್ಲುತ್ತಾರೆ ಅಂತ ನೀವೇ ನೋಡಿ. ಬೆಳೆಸುವಾಗ ಯಾವ ಮೀಡಿಯಾ ಆದರೂ ಇರಲಿ, ಪೆರಾಕ್ಸೈಡ್ ಹಾಕುವ ಹೊತ್ತಿಗೆ ಪೈರುವೇಟ್ ಇಲ್ಲದ್ದಕ್ಕೆ ಬದಲಿಸಿ. ಸೀರಂ ಕೂಡ ಶೇ. 1ಕ್ಕೆ ಇಳಿಸಿ.

ಈಗ ಪ್ಲೇಟ್. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ಒಂದೊಂದು ವೆಲ್‌ಗೆ 8,000 ಕೋಶ. ಅಂಚಿನ ವೆಲ್‌ಗಳಿಗೆ ಕೋಶ ಹಾಕಬೇಡಿ, ಅಲ್ಲಿ ನೀರು ಬೇಗ ಆರುತ್ತದೆ. ಸ್ಟೆರೈಲ್ ನೀರು ತುಂಬಿಸಿ ಬಿಡಿ. ಒಳಗಿನ 60 ವೆಲ್ ಸಾಕು. 24 ಗಂಟೆ ಬಿಟ್ಟು 0, 50, 100, 200, 400, 600, 800 ಮೈಕ್ರೋಮೋಲಾರ್ ಹಾಕಿ 4 ಗಂಟೆ ಇಡಿ.

ಕೋಶದ ಸಂಖ್ಯೆ ಯಾಕೆ ಅಷ್ಟು ಬಿಗಿಯಾಗಿರಬೇಕು? ಕೋಶದೊಳಗೇ ಕ್ಯಾಟಲೇಸ್ ಎಂಬ ಕಿಣ್ವ ಇದೆ, ಅದೂ ಪೆರಾಕ್ಸೈಡನ್ನು ಒಡೆಯುತ್ತದೆ. 8,000 ಬದಲು 16,000 ಕೋಶ ಬಿದ್ದರೆ ಒಂದೊಂದು ಕೋಶದ ಪಾಲಿಗೆ ಬರುವ ಏಟು ಅರ್ಧ. ಅದಕ್ಕೆ ಪ್ರತಿ ಸಲ ಎಣಿಸಿಯೇ ಹಾಕಿ. ಕಣ್ಣಂದಾಜು ಬೇಡ.

ಬೇಕಾದ್ದು ಶೇ. 50ರಿಂದ 60ರಷ್ಟು ಕೋಶ ಬದುಕುವ ಪ್ರಮಾಣ. ಶೇ. 90 ಸಾಯುವ ಏಟು ಕೊಟ್ಟರೆ ಯಾವ ಕಣವೂ ಉಳಿಸಲಾರದು. ಶೇ. 10 ಮಾತ್ರ ಸತ್ತರೆ ಉಳಿಸಿದ್ದು ಕಾಣುವುದಿಲ್ಲ. ಮೂರು ಬೇರೆ ಬೇರೆ ದಿನ, ಮೂರು ಬೇರೆ ಪ್ಯಾಸೇಜಿನಲ್ಲಿ ಅದೇ ಪ್ರಮಾಣ ಹತ್ತಿರ ಹತ್ತಿರ ಅದೇ ಫಲ ಕೊಟ್ಟರೆ ಮುಂದೆ ಹೋಗಿ. ಕೊಡದಿದ್ದರೆ ಇಲ್ಲೇ ನಿಲ್ಲಿ.

## ಹಂತ 5: ಕಣ ತಯಾರಿಸಿ

ಸಿಟ್ರಿಕ್ ಆಮ್ಲದ ಹೊದಿಕೆಯಿರುವ ಸೀರಿಯಂ ಆಕ್ಸೈಡ್ ಹೊಸಬರಿಗೆ ಒಳ್ಳೆಯದು. ನೀರಿನಲ್ಲೇ ಆಗುತ್ತದೆ, ಕಣಗಳು ಕೆಲವೇ ನ್ಯಾನೋಮೀಟರ್ ಇರುತ್ತವೆ.

1. ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.543 ಗ್ರಾಂ ತೂಗಿ 25 ಮಿಲಿ ಶುದ್ಧ ನೀರಿನಲ್ಲಿ ಕರಗಿಸಿ. ಇದು 0.05 ಮೋಲಾರ್. ಈ ಉಪ್ಪು ತೇವ ಹೀರುತ್ತದೆ. ಆಗಸ್ಟಿನಲ್ಲಿ ಬಾಟಲಿ ತೆರೆದಿಟ್ಟು ಮಾತಾಡುತ್ತಾ ನಿಂತರೆ ಹರಳು ನೀರಾಗಿ ಚಮಚಕ್ಕೆ ಅಂಟುತ್ತದೆ. ಆಗ ನೀವು ತೂಗುವುದು ನೀರನ್ನು. ಡೆಸಿಕೇಟರಿನಿಂದ ತೆಗೆದ ಕೂಡಲೇ ತೂಗಿ ಮುಚ್ಚಿ.

2. ಸಿಟ್ರಿಕ್ ಆಮ್ಲ 0.24 ಗ್ರಾಂ ಅದಕ್ಕೇ ಸೇರಿಸಿ. ಇದು ನೀರಿಲ್ಲದ ಹರಳಿನ ಲೆಕ್ಕ. ನಿಮ್ಮ ಬಾಟಲಿಯಲ್ಲಿ ಮೊನೊಹೈಡ್ರೇಟ್ ಅಂತಿದ್ದರೆ 0.263 ಗ್ರಾಂ.

3. ಹೊಗೆಗೂಡಿನೊಳಗೆ 100 ಮಿಲಿ 3 ಮೋಲಾರ್ ಅಮೋನಿಯಾ ಸಿದ್ಧ ಮಾಡಿ. ಶೇ. 25ರ ಅಮೋನಿಯಾ ದ್ರಾವಣ ಆದರೆ 22.5 ಮಿಲಿ ತೆಗೆದು 100 ಮಿಲಿ ಮಾಡಬೇಕು. ಕನ್ನಡಕ, ಕೈಗವಸು ಕಡ್ಡಾಯ. ಹೊರಗೆ ಮಾಡಿದರೆ ಇಡೀ ಕಾರಿಡಾರ್ ಕಣ್ಣು ಉರಿದು ಓಡುತ್ತದೆ.

4. ಅಮೋನಿಯಾ ಜೋರಾಗಿ ತಿರುಗುತ್ತಿರುವಾಗ ಸೀರಿಯಂ ದ್ರಾವಣವನ್ನು ಒಂದೇ ಸಲ ಸುರಿಯಿರಿ. ಮುಚ್ಚಿ, 50 ಡಿಗ್ರಿಯಲ್ಲಿ 24 ಗಂಟೆ ತಿರುಗಿಸಿ.

5. ಟೆಫ್ಲಾನ್ ಒಳಪದರವಿರುವ ಬಿಗಿ ಮುಚ್ಚಳದ ಉಕ್ಕಿನ ಪಾತ್ರೆಗೆ ಹಾಕಿ 80 ಡಿಗ್ರಿಯಲ್ಲಿ ಇನ್ನೂ 24 ಗಂಟೆ ಇಡಿ. ಪಾತ್ರೆಯ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಪೂರ್ತಿ ತಣ್ಣಗಾದ ಮೇಲೆ, ಹೊಗೆಗೂಡಿನೊಳಗೇ ತೆರೆಯಿರಿ.

ಕೊನೆಗೆ ಬರಬೇಕಾದ್ದು ಹಾಲಿಲ್ಲದ ತೆಳು ಚಹಾದ ಹಾಗೆ ಹಳದಿ-ಕಂದು, ಆದರೆ ತಿಳಿಯಾದ ದ್ರವ. ಬೆಳಕಿಗೆ ಹಿಡಿದರೆ ಆಚೆ ಬದಿಯ ಅಕ್ಷರ ಕಾಣಬೇಕು. ಮಜ್ಜಿಗೆಯ ಹಾಗೆ ಕದಡಿದ್ದರೆ ಅಥವಾ ತಳದಲ್ಲಿ ಪುಡಿ ಕೂತಿದ್ದರೆ ಹೊದಿಕೆ ಸರಿಯಾಗಿ ಕೂತಿಲ್ಲ. ಸೋನಿಕೇಟರಿನಲ್ಲಿ ಹಾಕಿ ಸರಿಮಾಡುತ್ತೇನೆ ಅನ್ನಬೇಡಿ. ಅರ್ಧ ಗಂಟೆ ಚೆನ್ನಾಗಿ ಕಂಡು ಮತ್ತೆ ಕೂರುತ್ತದೆ. ಹೊಸದಾಗಿ ಮಾಡಿ.

## ಹಂತ 6: ತೊಳೆಯಿರಿ, ಅಳೆಯಿರಿ, ನಂಬಿಕೆ ಬರಲಿ

ಡಯಾಲಿಸಿಸ್ ಚೀಲದಲ್ಲಿ ಹಾಕಿ ಮೊದಲ ದಿನ ಪಿಎಚ್ 7.4ರ ತೆಳು ಸಿಟ್ರೇಟ್ ದ್ರಾವಣದಲ್ಲಿ, ಆಮೇಲೆ ಒಂದು ದಿನ ಶುದ್ಧ ನೀರಿನಲ್ಲಿ ಇಡಿ. ನೀರನ್ನು ಆಗಾಗ ಬದಲಿಸಿ. ಅಮೋನಿಯಾ ಉಳಿದರೆ ಕೋಶವನ್ನು ಕೊಲ್ಲುವುದು ಅದೇ, ಬೈಗುಳ ಮಾತ್ರ ಕಣಕ್ಕೆ. ಕೊನೆಯ ಸಲ ಚೀಲದ ಹೊರಗಿದ್ದ ನೀರನ್ನು ಚೆಲ್ಲಬೇಡಿ. 50 ಮಿಲಿ ಎತ್ತಿಡಿ. ಕಣ ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿದೆ. ಮುಂದೆ ಅದೇ ನಿಮ್ಮ ಕಂಟ್ರೋಲ್, ಅಂದರೆ ಹೋಲಿಕೆಯ ಮಾದರಿ.

ಸಾಂದ್ರತೆ ತಿಳಿಯಲು ಖಾಲಿ ಮೂಸೆ ತೂಗಿ, ಅದರಲ್ಲಿ ಅಳೆದ ಪ್ರಮಾಣದ ದ್ರವ ಹಾಕಿ ಒಣಗಿಸಿ, 600 ಡಿಗ್ರಿಯಲ್ಲಿ ಎರಡು ಗಂಟೆ ಸುಡಿ. ಸಿಟ್ರೇಟ್ ಸುಟ್ಟು ಹೋಗಿ ತಿಳಿಹಳದಿ ಸೀರಿಯಂ ಆಕ್ಸೈಡ್ ಉಳಿಯುತ್ತದೆ. ಡೆಸಿಕೇಟರಿನಲ್ಲೇ ತಣ್ಣಗೆ ಮಾಡಿ ತೂಗಿ.

ಇಲ್ಲೊಂದು ಗೊಂದಲ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಪ್ರಬಂಧದಲ್ಲಿ ಮೈಕ್ರೋಗ್ರಾಂ, ಇನ್ನೊಂದರಲ್ಲಿ ಮೈಕ್ರೋಮೋಲಾರ್ ಬರೆದಿರುತ್ತಾರೆ. 1 ಮಿಲಿಯಲ್ಲಿ 17.2 ಮೈಕ್ರೋಗ್ರಾಂ ಸೀರಿಯಂ ಆಕ್ಸೈಡ್ ಅಂದರೆ ಸೀರಿಯಂ ಲೆಕ್ಕದಲ್ಲಿ 100 ಮೈಕ್ರೋಮೋಲಾರ್. ಇನ್ನು ಕೆಲವರು ಕಣಗಳನ್ನೇ ಎಣಿಸಿ ನ್ಯಾನೋಮೋಲಾರ್ ಕೊಡುತ್ತಾರೆ, ಅದು ಮತ್ತೆ ಬೇರೆ. ಹೋಲಿಸುವ ಮೊದಲು ಯಾವ ಲೆಕ್ಕ ಅಂತ ನೋಡಿಕೊಳ್ಳಿ.

ಗಾತ್ರವನ್ನು ನೀರಿನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ. ಕೋಶ ನೋಡುವುದು ಮೀಡಿಯಾದಲ್ಲಿರುವ ಕಣವನ್ನು. ಸೀರಂ ಇರುವ ಮೀಡಿಯಾದಲ್ಲಿ ಹಾಕಿದ ಕೂಡಲೇ ಒಮ್ಮೆ, 24 ಗಂಟೆಯ ನಂತರ ಒಮ್ಮೆ ಅಳೆಸಿ. ಸೀರಂ ಮೊದಲು, ಕಣ ಆಮೇಲೆ. ಸೀರಂ ಇಲ್ಲದ ಮೀಡಿಯಾಕ್ಕೆ ನೇರವಾಗಿ ಹಾಕಿದರೆ ಲವಣಗಳಿಂದಾಗಿ ಕಣಗಳು ಗಂಟುಕಟ್ಟಿ ಕೋಶದ ಮೇಲೆ ಮರಳಿನ ಹಾಗೆ ಬೀಳುತ್ತವೆ.

ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುನೀರಿನಲ್ಲಿ ಕಣವನ್ನು ತೆಳು ಮಾಡುವುದು, ಇಡುವುದು ಎರಡೂ ಬೇಡ. ಫಾಸ್ಫೇಟ್ ಸೀರಿಯಂ ಮೇಲ್ಮೈಗೆ ಅಂಟಿಕೊಂಡು ಅದರ ಗುಣವನ್ನೇ ಬದಲಿಸುತ್ತದೆ. ಸೂಪರ್‌ಆಕ್ಸೈಡ್ (ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಇನ್ನೊಂದು ರೂಪ) ಒಡೆಯುವ ಶಕ್ತಿ ಕಮ್ಮಿಯಾಗುತ್ತದೆ. ನೀರಿನಲ್ಲೇ, 4 ಡಿಗ್ರಿಯಲ್ಲಿ ಇಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಗಂಟು ಬಿಚ್ಚುವುದಿಲ್ಲ.

ಕಣ ಜೀವಂತವಿದೆಯೇ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. 1 ಮಿಲಿ ಕಣದ ದ್ರವಕ್ಕೆ ಒಂದು ಹನಿ ಪೆರಾಕ್ಸೈಡ್ ಬಿಡಿ. ತಿಳಿಹಳದಿ ಬಣ್ಣ ಕಣ್ಣೆದುರೇ ಕಿತ್ತಳೆಗೆ ತಿರುಗುತ್ತದೆ. ದಿನಗಟ್ಟಲೆ ಬಿಟ್ಟರೆ ಮೆಲ್ಲಗೆ ಮತ್ತೆ ತಿಳಿಯಾಗುತ್ತದೆ. ಬಣ್ಣ ತಿರುಗದಿದ್ದರೆ ಆ ಬ್ಯಾಚನ್ನು ಕೋಶಕ್ಕೆ ಹಾಕಬೇಡಿ.

## ಹಂತ 7: ಕಣ ಒಂಟಿಯಾಗಿ ಏನು ಮಾಡುತ್ತದೆ?

ಮಿಲಿಗೆ 1, 5, 10, 25, 50, 100 ಮೈಕ್ರೋಗ್ರಾಂ ಪ್ರಮಾಣದಲ್ಲಿ 24 ಮತ್ತು 48 ಗಂಟೆ ಇಟ್ಟು ನೋಡಿ. ಶೇ. 95ಕ್ಕಿಂತ ಜಾಸ್ತಿ ಕೋಶ ಬದುಕುವ ಎರಡು ಪ್ರಮಾಣ ಆರಿಸಿ. ಇಷ್ಟೇ ಆಗಿದ್ದರೆ ಸುಲಭವಿತ್ತು. ಮೋಸ ಇರುವುದು ಎಂಟಿಟಿ ಪರೀಕ್ಷೆಯಲ್ಲಿ.

ಎಂಟಿಟಿ ಹಳದಿ ಪುಡಿ. ಬದುಕಿರುವ ಕೋಶ ಅದನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ, ಅದನ್ನು 570 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಆದರೆ ಉತ್ಕರ್ಷಣ ತಡೆಯುವ ಬಹಳಷ್ಟು ವಸ್ತುಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಯಂತ್ರ ಅದನ್ನೂ ಬದುಕು ಅಂತಲೇ ಲೆಕ್ಕ ಹಾಕುತ್ತದೆ.

ನಮ್ಮ ಕಡೆ ಈ ಮೋಸ ಜಾಸ್ತಿ, ಯಾಕೆಂದರೆ ಎಲ್ಲರಿಗೂ ಊರಿನ ಸೊಪ್ಪಿನಿಂದ ಕಣ ಮಾಡುವ ಆಸೆ. ಆಸೆ ಒಳ್ಳೆಯದೇ. ಒಬ್ಬ ವಿದ್ಯಾರ್ಥಿನಿ ಕಕ್ಕಡ 18ರಂದು (ಕೊಡವರ ಕಕ್ಕಡ ತಿಂಗಳ 18ನೇ ದಿನ) ಮನೆಯಲ್ಲಿ ಪಾಯಸಕ್ಕೆ ತಂದ ಮದ್ದುಸೊಪ್ಪಿನಲ್ಲಿ ಸ್ವಲ್ಪ ಎತ್ತಿಟ್ಟು, ಕುದಿಸಿ ರಸ ತೆಗೆದು, ಅದರಲ್ಲಿ ಕಣ ಮಾಡಿಕೊಂಡು ಬಂದಳು. ಎಂಟಿಟಿಯಲ್ಲಿ ಶೇ. 130 ಕೋಶ ಬದುಕಿದ್ದವು. ಕಣ ಹಾಕಿದರೆ ಕೋಶ ಹೆಚ್ಚುತ್ತದೆ ಅಂತ ಬರೆದಿದ್ದಳು. ನಾವು ಅವಳ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಎಂಟಿಟಿ ಹಾಕುವ ಮೊದಲೇ ವೆಲ್‌ಗಳು ನಸು ನೇರಳೆ! ಮದ್ದುಸೊಪ್ಪಿನ ರಸದ ಬಣ್ಣವೇ ಅದು, ಪಾಯಸ ಉಂಡವರಿಗೆಲ್ಲ ಗೊತ್ತು. ಕೋಶವಿಲ್ಲದ ವೆಲ್‌ನಲ್ಲಿ ಅದೇ ಕಣ ಹಾಕಿ ಓದಿದಾಗ ಹೆಚ್ಚಿನ ಅಂಕಿ ಎಲ್ಲಿಂದ ಬಂತು ಅಂತ ತಿಳಿಯಿತು. ಅವಳ ಕೆಲಸ ವ್ಯರ್ಥವಾಗಲಿಲ್ಲ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪ್ಯಾನ್ ಬ್ಲೂ ಬಣ್ಣ ಹಾಕಿ ಕೋಶಗಳನ್ನು ಕೈಯಲ್ಲಿ ಎಣಿಸಿ ಮತ್ತೆ ಬರೆದಳು, ಅಂಕಿ ಶೇ. 96ಕ್ಕೆ ಬಂತು. ಅದು ನಂಬುವ ಅಂಕಿ.

ಕಾಫಿ ಹಣ್ಣಿನ ಸಿಪ್ಪೆ, ಕಾಫಿ ಎಲೆಯ ರಸ ಬಳಸುವವರೂ ಇದನ್ನೇ ಮಾಡಿ. ಜೊತೆಗೆ ಇನ್ನೊಂದು ಎಚ್ಚರ: ಪಾಲಿಫಿನಾಲ್‌ಗಳು ಡಿಎಂಇಎಂನಲ್ಲಿ ತಾವೇ ಉತ್ಕರ್ಷಣಗೊಂಡು ಪೆರಾಕ್ಸೈಡ್ ಹುಟ್ಟಿಸುತ್ತವೆ. ರಕ್ಷಣೆಗೆ ಹಾಕಿದ್ದೇ ಏಟು ಕೊಡುತ್ತದೆ.

ಆದ್ದರಿಂದ ಎಂಟಿಟಿ ಜೊತೆಗೆ ಎರಡನೇ ಪರೀಕ್ಷೆ ಇರಲೇಬೇಕು. ಸತ್ತ ಕೋಶದಿಂದ ಹೊರಬರುವ ಎಲ್‌ಡಿಎಚ್ ಕಿಣ್ವದ ಸೋರಿಕೆ ಅಳೆಯಬಹುದು, ಆದರೆ ಆ ಕಿಣ್ವ ಕಣಕ್ಕೆ ಅಂಟಿಕೊಳ್ಳುತ್ತದೆಯೇ ಅಂತ ಮೊದಲು ನೋಡಬೇಕು. ಕೈಯಲ್ಲಿ ಎಣಿಸುವುದು ನಿಧಾನ. ನನಗೆ ಅದರ ಮೇಲೇ ಹೆಚ್ಚು ನಂಬಿಕೆ.

## ಹಂತ 8: ರಕ್ಷಣೆಯ ಪರೀಕ್ಷೆ

ಮೊದಲ ದಿನ ಕೋಶ ಹಾಕಿ. ಎರಡನೇ ದಿನ ಸೀರಂ ಇರುವ ಮೀಡಿಯಾದಲ್ಲಿ ಕಣ ಕೊಡಿ, 24 ಗಂಟೆ ಬಿಡಿ. ಕೋಶ ಕಣವನ್ನು ಒಳಗೆ ತೆಗೆದುಕೊಳ್ಳಲು ಸಮಯ ಬೇಕು. ಮೂರನೇ ದಿನ ತೊಳೆದು ಪೆರಾಕ್ಸೈಡ್ ಹಾಕಿ, ಅಳೆಯಿರಿ.

ತೊಳೆಯುವುದು ಹೇಗೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅವಸರ ಆಗುವುದು ಇಲ್ಲೇ. ಮೀಡಿಯಾವನ್ನು ಪಿಪೆಟ್ ತುದಿಯನ್ನು ವೆಲ್‌ನ ಗೋಡೆಗೆ ಒರಗಿಸಿ ತೆಗೆಯಿರಿ, ತಳ ಮುಟ್ಟಬೇಡಿ. 37 ಡಿಗ್ರಿಗೆ ಬೆಚ್ಚಗೆ ಮಾಡಿದ ಎಚ್‌ಬಿಎಸ್‌ಎಸ್ (ಕೋಶ ತೊಳೆಯುವ ಲವಣದ ದ್ರಾವಣ) 150 ಮೈಕ್ರೋಲೀಟರ್ ಗೋಡೆಯ ಮೇಲಿಂದ ಇಳಿಬಿಡಿ. ಪ್ಲೇಟನ್ನು ಮೆಲ್ಲಗೆ ನಾಲ್ಕು ಸಲ ಓಲಾಡಿಸಿ, ತೆಗೆಯಿರಿ. ಹೀಗೆ ಮೂರು ಸಲ. ತಣ್ಣನೆಯ ದ್ರವ ಹಾಕಿದರೆ ಕೋಶ ಕಿತ್ತು ಬರುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಮೇಜಿನ ಮೇಲಿನ ಬಾಟಲಿ ತಣ್ಣಗೇ ಇರುತ್ತದೆ. ಕಣ ಹಾಕದ ವೆಲ್‌ಗಳನ್ನೂ ಅಷ್ಟೇ ಸಲ ತೊಳೆಯಿರಿ. ಇಲ್ಲದಿದ್ದರೆ ಉದುರಿದ ಕೋಶಗಳ ಲೆಕ್ಕ ಒಂದೇ ಕಡೆ ಬೀಳುತ್ತದೆ.

ಯಾವ ಯಾವ ಗುಂಪು ಇರಬೇಕು? ಏನೂ ಹಾಕದ್ದು. ಡಯಾಲಿಸಿಸ್‌ನ ಕೊನೆಯ ನೀರು ಮಾತ್ರ ಹಾಕಿದ್ದು. ಕಣ ಮಾತ್ರ. ಪೆರಾಕ್ಸೈಡ್ ಮಾತ್ರ. ಆ ನೀರು ಮತ್ತು ಪೆರಾಕ್ಸೈಡ್. ಕಣದ ಎರಡು ಪ್ರಮಾಣ, ತೊಳೆದು, ಪೆರಾಕ್ಸೈಡ್. ಅದೇ ಪ್ರಮಾಣ, ತೊಳೆಯದೆ, ಪೆರಾಕ್ಸೈಡ್. ಮತ್ತೆ ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟು ತೊಳೆದು ಪೆರಾಕ್ಸೈಡ್. ಈ ಕೊನೆಯದು ಗೊತ್ತಿರುವ ರಕ್ಷಕ. ಅದೂ ಕಾಪಾಡದಿದ್ದರೆ ತೊಂದರೆ ನಿಮ್ಮ ವಿಧಾನದಲ್ಲಿದೆ, ಕಣವನ್ನು ದೂರಬೇಡಿ. ಆದರೆ ಇದು ಹುಳಿ ವಸ್ತು. ಪಿಎಚ್ 7.4ಕ್ಕೆ ತಂದೇ ಹಾಕಬೇಕು. ಮೀಡಿಯಾ ಹಳದಿಗೆ ತಿರುಗಿದರೆ ಮರೆತಿದ್ದೀರಿ ಅಂತ ಅರ್ಥ.

ತೊಳೆದದ್ದು ಮತ್ತು ತೊಳೆಯದ್ದು ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಜ ಕಾಣುತ್ತದೆ. ತೊಳೆಯದ್ದರಲ್ಲಿ ಶೇ. 95, ತೊಳೆದದ್ದರಲ್ಲಿ ಶೇ. 68 ಬದುಕಿ, ಬರೀ ಪೆರಾಕ್ಸೈಡಿನಲ್ಲಿ ಶೇ. 52 ಇದ್ದರೆ, ಕೋಶದೊಳಗಿನ ಕಣದ ಪಾಲು 16 ಮಾತ್ರ. ಉಳಿದದ್ದು ಹೊರಗೆ ನಡೆದದ್ದು. 16 ಸಣ್ಣದು ಅಂತ ನಾಚಬೇಡಿ. ಅದು ನಿಮ್ಮದು, ಯಾರೂ ಅಲ್ಲಗಳೆಯಲಾರರು.

ಇನ್ನೂ ಒಂದು ಕಂಟ್ರೋಲ್ ಇದೆ, ಬಹಳ ಕಮ್ಮಿ ಜನ ಮಾಡುತ್ತಾರೆ. ಕೋಶವಿಲ್ಲದ ಖಾಲಿ ವೆಲ್‌ಗಳಿಗೂ ಸೀರಂ ಮೀಡಿಯಾದಲ್ಲಿ ಕಣ ಹಾಕಿ, 24 ಗಂಟೆ ಇಟ್ಟು, ಹಾಗೇ ಮೂರು ಸಲ ತೊಳೆದು ಪೆರಾಕ್ಸೈಡ್ ಹಾಕಿ. ಒಂದು ಗಂಟೆಯ ಮೇಲೆ ಎಷ್ಟು ಪೆರಾಕ್ಸೈಡ್ ಉಳಿದಿದೆ ಅಂತ ಅಳೆಯಿರಿ. ಕಮ್ಮಿಯಾಗಿದ್ದರೆ ಕಣ ಪ್ಲಾಸ್ಟಿಕ್ಕಿಗೆ ಅಂಟಿ ಕೂತಿದೆ. ಅಳೆಯಲು 240 ನ್ಯಾನೋಮೀಟರ್ ಬಳಸಬೇಡಿ, ಸೀರಿಯಂ ಆಕ್ಸೈಡೂ ಅಲ್ಲೇ ಬೆಳಕು ಹೀರುತ್ತದೆ. ದ್ರವವನ್ನು ಸ್ಪಿನ್ ಫಿಲ್ಟರಿನಲ್ಲಿ ಸೋಸಿ, ಕಬ್ಬಿಣ ಮತ್ತು ಕ್ಸೈಲೆನಾಲ್ ಆರೆಂಜ್ ಸೇರಿಸುವ ಫಾಕ್ಸ್ ವಿಧಾನದಲ್ಲಿ 560 ನ್ಯಾನೋಮೀಟರಿನಲ್ಲಿ ಓದಿ.

ಎಣಿಸುವವರಿಗೆ ಯಾವ ವೆಲ್‌ನಲ್ಲಿ ಏನಿದೆ ಅಂತ ಗೊತ್ತಿರಬಾರದು. ಗೆಳೆಯರಿಗೆ ಹೇಳಿ ಗುರುತು ಬದಲಿಸಿಕೊಳ್ಳಿ. ನಮ್ಮ ಕಣದ ಮೇಲೆ ನಮಗೆ ಪ್ರೀತಿ ಇರುತ್ತದೆ. ಆ ಪ್ರೀತಿ ಕಣ್ಣಿಗೂ ಇಳಿಯುತ್ತದೆ.

## ಹಂತ 9: ಕೋಶದೊಳಗೆ ಇಣುಕಿ ನೋಡಿ

ಕೋಶ ಬದುಕಿತು ಅನ್ನುವುದರಿಂದ ಉತ್ಕರ್ಷಣ ಒತ್ತಡ ಇಳಿಯಿತು ಅಂತ ಆಗುವುದಿಲ್ಲ. ಅದಕ್ಕೆ ಹೆಚ್ಚಿನವರು ಡಿಸಿಎಫ್‌ಎಚ್-ಡಿಎ ಬಣ್ಣ ಬಳಸುತ್ತಾರೆ. 10 ಮೈಕ್ರೋಮೋಲಾರ್, 30 ನಿಮಿಷ, ಕತ್ತಲಲ್ಲಿ, ಸೀರಂ ಇಲ್ಲದೆ. ಸೀರಂನಲ್ಲಿರುವ ಕಿಣ್ವಗಳು ಬಣ್ಣವನ್ನು ಹೊರಗೇ ಒಡೆಯುತ್ತವೆ. ತೊಳೆದು, ಫೀನಾಲ್ ರೆಡ್ ಇಲ್ಲದ ಎಚ್‌ಬಿಎಸ್‌ಎಸ್‌ನಲ್ಲಿ 485ರಲ್ಲಿ ಬೆಳಕು ಕೊಟ್ಟು 530ರಲ್ಲಿ ಓದಿ.

ಈ ಬಣ್ಣ ಪೆರಾಕ್ಸೈಡನ್ನು ನೇರವಾಗಿ ಹಿಡಿಯುವುದಿಲ್ಲ, ಕೋಶದೊಳಗಿನ ಕಬ್ಬಿಣ ಮತ್ತು ಪೆರಾಕ್ಸಿಡೇಸ್‌ಗಳ ಮೂಲಕ ಹೊಳೆಯುತ್ತದೆ. ಬೆಳಕಿಗೆ, ಗಾಳಿಗೆ ತಾನಾಗೇ ಹೊಳೆಯುತ್ತದೆ. ಸ್ಟಾಕ್ ಅನ್ನು ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡಿ. ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ನಮ್ಮ ತೇವದ ಗಾಳಿ ಒಳಗೆ ಹನಿಯಾಗಿ ಇಳಿಯುತ್ತದೆ. ಏನೂ ಹಾಕದ ಕೋಶಗಳೇ ಜೋರಾಗಿ ಹೊಳೆಯುತ್ತಿದ್ದರೆ ಬಣ್ಣ ಕೆಟ್ಟಿದೆ.

ಇದೊಂದನ್ನೇ ನಂಬಬೇಡಿ. ಜೆಸಿ-1ರಿಂದ ಮೈಟೋಕಾಂಡ್ರಿಯಾದ ಸ್ಥಿತಿ, ಅನೆಕ್ಸಿನ್ ಬಣ್ಣದಿಂದ ಕೋಶಸಾವಿನ ಬಗೆ ನೋಡಿದರೆ ಮಾತಿಗೆ ತೂಕ ಬರುತ್ತದೆ. ಪೆರಾಕ್ಸೈಡ್ ಬದಲು ಡಾಕ್ಸೊರುಬಿಸಿನ್ ಏಟು ಕೊಡುವವರು ನೆನಪಿಡಿ, ಆ ಔಷಧಿ ತಾನೇ ಕೆಂಪಾಗಿ ಹೊಳೆಯುತ್ತದೆ. ಕೆಂಪು ಬಣ್ಣಗಳ ಜೊತೆ ಕಲಸಿಹೋಗುತ್ತದೆ.

## ಹಂತ 10: ಫಲಿತಾಂಶ ಬರೆಯುವಾಗ

ಒಂದು ಪ್ಲೇಟಿನ ಆರು ವೆಲ್‌ಗಳು ಆರು ಪ್ರಯೋಗಗಳಲ್ಲ, ಒಂದೇ ಪ್ರಯೋಗ. ಬೇರೆ ದಿನ, ಬೇರೆ ಪ್ಯಾಸೇಜ್, ಸಾಧ್ಯವಾದರೆ ಬೇರೆ ಬ್ಯಾಚಿನ ಕಣ, ಹೀಗೆ ಕನಿಷ್ಠ ಮೂರು ಸಲ ಆದ ಮೇಲೆ ಅಂಕಿ-ಅಂಶದ ಪರೀಕ್ಷೆ ಮಾಡಿ. ಆರು ವೆಲ್ ಹಿಡಿದು ತಂದ ಸಣ್ಣ ಪಿ ಬೆಲೆ ವೈವಾದಲ್ಲಿ ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ.

ಸುದ್ದಿ ಮನೆಗೆ ಹೋಗುವಾಗಲೂ ಎಚ್ಚರವಿರಲಿ. ನಾನು ಈ ಕೆಲಸ ಮಾಡುತ್ತೇನೆ ಅಂತ ತಿಳಿದು ಪಕ್ಕದ ತೋಟದ ಹಿರಿಯರೊಬ್ಬರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಒಂದು ಸಂಜೆ ಬಂದು ಕೂತರು. ಅದು ನನಗೂ ಒಂದು ಬಾಟಲಿ ಸಿಗುತ್ತಾ ಅಂತ ಕೇಳಿದರು. ಅವರ ಕೈ ಹಿಡಿದು ಇಲ್ಲ ಅಂದೆ. ಇಲಿಗಳಿಗೆ ರಕ್ತನಾಳದ ಮೂಲಕ ಕೊಟ್ಟ ಸೀರಿಯಂ ಆಕ್ಸೈಡ್ ಹೆಚ್ಚಾಗಿ ಯಕೃತ್ತು, ಗುಲ್ಮದಲ್ಲಿ ಕೂತು ತಿಂಗಳುಗಟ್ಟಲೆ ಉಳಿಯುತ್ತದೆ. ಹೃದಯ ಕಾಪಾಡಲು ಅಂತ ಒಪ್ಪಿಗೆ ಪಡೆದ ಇಂಥ ಕಣದ ಔಷಧಿ ಇಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ ಅಂತ ಹೇಳಿ ಕಳಿಸಿದೆ. ನಿಮ್ಮ ಮನೆಗೂ ಇಂಥವರು ಬರುತ್ತಾರೆ. ಅವರಿಗೆ ಇದೇ ಹೇಳಿ.

ಪ್ರಬಂಧದ ಕೊನೆಯ ಸಾಲಿನಲ್ಲಿ ನ್ಯಾನೋಕಣ ಹೃದಯಾಘಾತ ತಡೆಯುತ್ತದೆ ಅಂತ ಬರೆಯಬೇಡಿ. ಮೇಲಿನ ಉದಾಹರಣೆಯ ಅಂಕಿಗಳು ನಿಮ್ಮವಾಗಿದ್ದರೆ ಹೀಗೆ ಬರೆಯಬಹುದು: "ಮಿಲಿಗೆ 10 ಮೈಕ್ರೋಗ್ರಾಂ ಸಿಟ್ರೇಟ್ ಹೊದಿಕೆಯ ಸೀರಿಯಂ ಆಕ್ಸೈಡ್ ಕಣಗಳನ್ನು 24 ಗಂಟೆ ಮುಂಚೆ ಕೊಟ್ಟು, ಮೂರು ಸಲ ತೊಳೆದ ನಂತರ, 400 ಮೈಕ್ರೋಮೋಲಾರ್ ಪೆರಾಕ್ಸೈಡಿಗೆ 4 ಗಂಟೆ ಒಡ್ಡಿದ ಎಚ್9ಸಿ2 ಕೋಶಗಳಲ್ಲಿ ಬದುಕುಳಿದವು ಶೇ. 52ರಿಂದ 68ಕ್ಕೆ ಏರಿದವು. ಮೂರು ಪ್ರತ್ಯೇಕ ಪ್ರಯೋಗಗಳು."